ನಿಲ್ಲುವುದು, ಉಳಿಸುವುದು, ನೋಡುವುದು

ಪ್ರೋಗ್ರಾಂ ಬರೆಯುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಓಡುತ್ತಿರುವ ಪ್ರೋಗ್ರಾಂ ಇದ್ದಕ್ಕಿದ್ದಂತೆ ಕ್ರ್ಯಾಶ್ ಆದರೆ ಆ ಕ್ಷಣಕ್ಕೇ ಡಿಬಗ್ಗರ್ ತಾನಾಗಿ ತೆರೆದುಕೊಳ್ಳಬೇಕು, ಹಾಗೊಂದು ವ್ಯವಸ್ಥೆ ಮಾಡಿಟ್ಟರೆ ದೋಷ ಹುಡುಕುವ ಕೆಲಸ ಮುಕ್ಕಾಲುಪಾಲು ಮುಗಿದಂತೆ ಎಂಬ ನಂಬಿಕೆ ಅದು. ಡಿಬಗ್ಗರ್ ಎಂದರೆ ಓಡುವ ಪ್ರೋಗ್ರಾಮನ್ನು ಹಿಡಿದು ನಿಲ್ಲಿಸಿ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡುವ ಸಾಧನ: ಯಾವ ಸಾಲಿನಲ್ಲಿ ನಿಂತಿದೆ, ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಯವರೆಗೆ ಬಂತು, ಯಾವ ಹೆಸರಿನಲ್ಲಿ ಯಾವ ಮೌಲ್ಯ ಕೂತಿದೆ, ಎಲ್ಲವನ್ನೂ ಅದು ತೋರಿಸುತ್ತದೆ. ಇಂಥದ್ದು ತಾನಾಗಿ ಬಂದು ಎದುರು ನಿಲ್ಲುವುದಾದರೆ ಯಾರು ಬೇಡ ಎಂದಾರು? ಬೇಡ ಎನ್ನುವುದು ನನ್ನ ವಾದವೂ ಅಲ್ಲ. ಆದರೆ ಬೆಂಗಳೂರಿನ ಮೇಜಿನ ಮೇಲೆ ಸರಿಯಾಗಿರುವ ಈ ಮಾತನ್ನು ಕೊಳ್ಳೇಗಾಲದ, ಹನೂರಿನ, ಯಳಂದೂರಿನ ತಾಲ್ಲೂಕು ಕಚೇರಿ ಕೌಂಟರುಗಳಲ್ಲಿರುವ ಕಂಪ್ಯೂಟರಿಗೂ ಹಾಗೆಯೇ ಅನ್ವಯಿಸಬಹುದು ಎನ್ನುವವರ ಮಾತು ಕೇಳಿದಾಗ, ‘ತಾನಾಗಿ’ ಎಂಬ ಒಂದೇ ಪದದೊಳಗೆ ಮೂರು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ ಅನ್ನಿಸುತ್ತದೆ. ಆ ಮೂರನ್ನು ಬಿಡಿಸಿ ನೋಡದೆ ಈ ನಂಬಿಕೆಯ ಸರಿತಪ್ಪು ಗೊತ್ತಾಗುವುದಿಲ್ಲ.

ಮೊದಲು ಆ ಪಕ್ಷದ ಮಾತನ್ನು ಅದರ ಪೂರ್ತಿ ಬಲದೊಂದಿಗೆ ಇಡಬೇಕು. ಕ್ರ್ಯಾಶ್ ಆದ ಗಳಿಗೆಯಲ್ಲಿ ಇರುವಷ್ಟು ಸಾಕ್ಷ್ಯ ಮತ್ತೆ ಯಾವತ್ತೂ ಇರುವುದಿಲ್ಲ. ಮರುಗಳಿಗೆಗೆ ಆಪರೇಟಿಂಗ್ ಸಿಸ್ಟಮ್ ಆ ಪ್ರೋಗ್ರಾಮಿನ ಮೆಮೊರಿಯನ್ನು ಕಿತ್ತುಕೊಂಡು ಬೇರೆಯವರಿಗೆ ಕೊಟ್ಟುಬಿಡುತ್ತದೆ. ಲಾಗ್ ಇದೆಯಲ್ಲ ಎಂದರೆ, ಲಾಗ್‌ನಲ್ಲಿ ಇರುವುದು ಬರೆದವನಿಗೆ ಮುಂಚೆಯೇ ಹೊಳೆದದ್ದು ಮಾತ್ರ. ಕ್ರ್ಯಾಶ್ ಆಗುವುದು ಅವನಿಗೆ ಹೊಳೆಯದೆ ಉಳಿದ ಕಡೆಯಲ್ಲಿ. ಬಳಸಿದವರನ್ನು ಕೇಳಿದರೆ ‘ಏನೋ ಬಂತು, ಓಕೆ ಒತ್ತಿದೆ, ಹೋಯ್ತು’ ಎನ್ನುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಇನ್ನು ಕೆಲವು ದೋಷಗಳು ತಿಂಗಳಿಗೊಮ್ಮೆ ಮುಖ ತೋರಿಸುವಂಥವು. ಮತ್ತೆ ಬರಲಿ ನೋಡೋಣ ಎಂದು ಕೂತರೆ ಮತ್ತೆ ಬರುವುದೇ ಇಲ್ಲ. ಹೀಗಿರುವಾಗ ಮನುಷ್ಯನ ನೆನಪನ್ನೂ ಎಚ್ಚರವನ್ನೂ ನಂಬದೆ, ಬಿದ್ದ ತಕ್ಷಣ ಯಂತ್ರವೇ ಬಾಗಿಲು ತೆರೆದು ‘ಬಾ, ನೋಡು’ ಎನ್ನುವಂತೆ ಮಾಡುವುದು ಬುದ್ಧಿವಂತಿಕೆಯೇ. ನನ್ನ ಕೆಲಸದ ಕಂಪ್ಯೂಟರಿನಲ್ಲಿ ಈ ಏರ್ಪಾಡು ವರ್ಷಗಳಿಂದ ಇದೆ, ಈಗಲೂ ಇದೆ, ತೆಗೆಯುವ ಯೋಚನೆಯೂ ಇಲ್ಲ.

ಈ ಏರ್ಪಾಡಿನ ಇತಿಹಾಸ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯೂನಿಕ್ಸ್‌ನಲ್ಲಿ ಮೊದಲಿಂದಲೂ ಇರುವ ‘ಕೋರ್ ಡಂಪ್’ ಡಿಬಗ್ಗರ್ ತೆರೆಯುವುದಿಲ್ಲ. ಸತ್ತ ಪ್ರೋಗ್ರಾಮಿನ ಮೆಮೊರಿಯನ್ನು ಒಂದು ಫೈಲಿಗೆ ಸುರಿದು ಸುಮ್ಮನಾಗುತ್ತದೆ. ಮೆಮೊರಿ ಎಂದರೆ ತಂತಿಗೆ ಪೋಣಿಸಿದ ಅಯಸ್ಕಾಂತದ ಪುಟ್ಟ ಉಂಗುರಗಳಾಗಿದ್ದ ಕಾಲದ ಹೆಸರು ಅದು. ವಿಂಡೋಸ್‌ನಲ್ಲಿ ರಿಜಿಸ್ಟ್ರಿಯೊಳಗೆ ‘ಎಇಡಿಬಗ್’ ಎಂಬ ಕೀ ಇದೆ. ಅದರಲ್ಲಿ ‘ಡಿಬಗ್ಗರ್’ ಎಂಬ ಜಾಗದಲ್ಲಿ ಯಾವ ಸಾಧನವನ್ನು ಕರೆಯಬೇಕೆಂದೂ ‘ಆಟೋ’ ಎಂಬ ಜಾಗದಲ್ಲಿ 1 ಇದ್ದರೆ ಕೇಳದೆಯೇ ಕರೆ, 0 ಇದ್ದರೆ ಕೇಳಿ ಕರೆ ಎಂದೂ ಬರೆದಿಡಬಹುದು. ವಿಂಡೋಸ್ ಎಕ್ಸ್‌ಪಿ ಕಾಲದವರೆಗೂ ಸಾಮಾನ್ಯ ಯಂತ್ರಗಳಲ್ಲಿ ಆ ಜಾಗದಲ್ಲಿ ಕೂತಿದ್ದದ್ದು ‘ಡಾಕ್ಟರ್ ವಾಟ್ಸನ್’. ಅದು ಕ್ರ್ಯಾಶ್‌ನ ವಿವರವನ್ನು ಫೈಲಿಗೆ ಬರೆದು ಮುಗಿಸುತ್ತಿತ್ತು, ಅಷ್ಟೆ. ಒಂದೊಂದೇ ಹೆಜ್ಜೆ ನಡೆಸಿ ನೋಡುವ ನಿಜವಾದ ಡಿಬಗ್ಗರ್ ಆ ಜಾಗಕ್ಕೆ ಬರುತ್ತಿದ್ದದ್ದು ವಿಷುಯಲ್ ಸ್ಟುಡಿಯೋದಂಥದ್ದನ್ನು ಹಾಕಿದ ಯಂತ್ರಗಳಲ್ಲಿ, ಅಂದರೆ ಪ್ರೋಗ್ರಾಂ ಬರೆಯುವವರ ಯಂತ್ರಗಳಲ್ಲಿ. ಪೈಥಾನ್ ಬಳಗದಲ್ಲಿ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಕೈಯಿಂದ ಕೈಗೆ ಓಡಾಡುತ್ತಿರುವ ಒಂದು ಚಿಕ್ಕ ಕೋಡ್ ಇದೆ: ಯಾರೂ ಹಿಡಿಯದ ಎಕ್ಸೆಪ್ಶನ್ ಬಂದರೆ ಡಿಬಗ್ಗರ್ ತೆರೆ. ಹತ್ತು ಹನ್ನೆರಡು ಸಾಲಿನ ಆ ಕೋಡ್ ಡಿಬಗ್ಗರ್ ತೆರೆಯುವ ಮುಂಚೆ ಒಂದು ವಿಷಯ ಪರೀಕ್ಷಿಸುತ್ತದೆ: ಈ ಪ್ರೋಗ್ರಾಮಿನ ಎದುರು ಟರ್ಮಿನಲ್ ಇದೆಯೇ? ಇಲ್ಲದಿದ್ದರೆ ಎಂದಿನಂತೆ ದೋಷದ ವಿವರ ಬರೆದು ಸಾಯಲು ಬಿಡುತ್ತದೆ. ಅದನ್ನು ಬರೆದವರಿಗೆ ಗೊತ್ತಿತ್ತು, ಡಿಬಗ್ಗರ್ ಎಂಬುದು ಇಬ್ಬರ ನಡುವಿನ ಮಾತುಕತೆ. ಎದುರಿಗೆ ಯಾರೂ ಇಲ್ಲದಿದ್ದರೆ ಅದು ಉತ್ತರ ಬಾರದ ಪ್ರಶ್ನೆಯನ್ನು ಹಿಡಿದುಕೊಂಡು ಕೂತೇ ಇರುತ್ತದೆ. ಕೋಡ್ ಎಲ್ಲ ಕಡೆ ಹರಡಿತು, ಆ ಒಂದು ಸಾಲಿನ ಹಿಂದಿನ ವಿವೇಕ ಮಾತ್ರ ಅಷ್ಟು ಹರಡಲಿಲ್ಲ.

ನಾನು ಬಿಡಿಸಿ ನೋಡಬೇಕೆಂದ ಮೂರು ಕೆಲಸಗಳು ಇವು: ನಿಲ್ಲುವುದು, ಉಳಿಸುವುದು, ನೋಡುವುದು. ಕೊಳ್ಳೇಗಾಲ ರೇಷ್ಮೆಯ ಊರು, ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಕೈಮಗ್ಗದಲ್ಲಿ ಒಂದು ಎಳೆ ಕಡಿದರೆ ನೇಯುವವರ ಕಣ್ಣಿಗೋ ಕೈಗೋ ಅದು ಗೊತ್ತಾಗಬೇಕು, ಗೊತ್ತಾಗದಿದ್ದರೆ ಸೀರೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ. ಯಂತ್ರದ ಮಗ್ಗಕ್ಕೆ ಕಣ್ಣಿಲ್ಲ. ಅದಕ್ಕಾಗಿಯೇ ಪ್ರತಿ ಎಳೆಯ ಮೇಲೂ ತೆಳುವಾದ ಒಂದು ಲೋಹದ ಪಟ್ಟಿಯನ್ನು ತೂಗುಹಾಕುವ ಉಪಾಯ ಬಂತು. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲಿರುತ್ತದೆ, ಎಳೆ ಕಡಿದರೆ ಪಟ್ಟಿ ಕೆಳಗೆ ಬಿದ್ದು ಮಗ್ಗ ನಿಲ್ಲುತ್ತದೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ರೂಪಿಸಿದ ‘ಜಿ’ ಮಾದರಿಯ ಮಗ್ಗದ ಹೆಸರು ಇಂದಿಗೂ ಉಳಿದಿರುವುದು ಎಳೆ ಕಡಿದಾಗ ತಾನೇ ನಿಲ್ಲುವ ಈ ಗುಣದಿಂದಲೂ ಹೌದು. ಗಮನಿಸಬೇಕಾದದ್ದು, ಮಗ್ಗ ತಾನಾಗಿ ಮಾಡುವುದು ನಿಲ್ಲುವುದೊಂದನ್ನೇ. ಯಾವ ಎಳೆ, ಏಕೆ ಕಡಿಯಿತು ಎಂದು ನೋಡುವುದು, ನೋಡಿ ಎಳೆ ಸೇರಿಸುವುದು ನೇಯುವವರ ಕೆಲಸವಾಗಿಯೇ ಉಳಿಯಿತು. ಮಗ್ಗ ನಿಂತರೂ ಬಟ್ಟೆ ಅಲ್ಲೇ ಇರುತ್ತದೆ, ಹಾಗಾಗಿ ಉಳಿಸುವುದು ಅಲ್ಲಿ ಬೇರೆಯದೊಂದು ಕೆಲಸವೇ ಅಲ್ಲ. ಪ್ರೋಗ್ರಾಮಿನಲ್ಲಿ ಹಾಗಲ್ಲ, ನಿಂತರೆ ಎಲ್ಲ ಮಾಯ. ಆದ್ದರಿಂದಲೇ ಅಲ್ಲಿ ಉಳಿಸುವುದು ದೊಡ್ಡ ಕೆಲಸವಾಯಿತು, ಮತ್ತು ಉಳಿಸಬೇಕಾದರೆ ಸಾಯಲು ಬಿಡಬಾರದು, ಡಿಬಗ್ಗರ್‌ನಲ್ಲಿ ಹಿಡಿದಿಡಬೇಕು ಎಂಬ ತಪ್ಪು ತೀರ್ಮಾನಕ್ಕೆ ದಾರಿಯಾಯಿತು.

ಮಗ್ಗದ ಮಾತು ಇನ್ನೊಂದಕ್ಕೂ ಬೇಕು. ಎಳೆ ಕಡಿಯುವುದು ಬಹುಪಾಲು ಹಣಿಗೆಯ ಹತ್ತಿರ, ಉಜ್ಜಾಟ ಹೆಚ್ಚಿರುವ ಕಡೆ. ಆದರೆ ಕಡಿಯಲು ಕಾರಣ ಎಷ್ಟೋ ಸಲ ಹಾಸು ಹೂಡುವಾಗ ಬಿದ್ದ ಒಂದು ಸಡಿಲ ಗಂಟು, ಅಥವಾ ಅದಕ್ಕೂ ಹಿಂದೆ ನೂಲು ಬಿಚ್ಚುವಾಗಲೇ ಉಳಿದ ಒಂದು ತೆಳು ಜಾಗ. ಪ್ರೋಗ್ರಾಮಿನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಊರಿನ ಹೆಸರುಗಳನ್ನು ಒಂದು ಪ್ರೋಗ್ರಾಂ ಫೈಲಿಗೆ ಬರೆಯುತ್ತದೆ, ಇನ್ನೊಂದು ಪ್ರೋಗ್ರಾಂ ಅದನ್ನು ಓದಿ ಮುದ್ರಿಸುತ್ತದೆ. ಬರೆಯುವ ಪ್ರೋಗ್ರಾಂ ಹೆಸರಿಗೆ 20 ಬೈಟ್ ಜಾಗ ಮೀಸಲಿಟ್ಟಿದೆ. ಇಂಗ್ಲಿಷ್‌ನಲ್ಲಿ ಯೋಚಿಸಿದವರಿಗೆ 20 ಎಂದರೆ ಇಪ್ಪತ್ತು ಅಕ್ಷರ, ಊರಿನ ಹೆಸರಿಗೆ ಧಾರಾಳ. ಆದರೆ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು, ಸೊನ್ನೆ ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ. ‘ಹನೂರು’ ಎಂಬುದರಲ್ಲಿ 5 ಚಿಹ್ನೆ, 15 ಬೈಟ್; ಹಿಡಿಸುತ್ತದೆ. ‘ಯಳಂದೂರು’ 7 ಚಿಹ್ನೆ, 21 ಬೈಟ್. ಒಂದೇ ಒಂದು ಬೈಟ್ ಹೊರಗೆ. ‘ಕೊಳ್ಳೇಗಾಲ’ 9 ಚಿಹ್ನೆ, 27 ಬೈಟ್. ಇಪ್ಪತ್ತಕ್ಕೆ ಕತ್ತರಿಸಿದರೆ ‘ಕೊಳ್ಳೇ’ ಎಂಬಲ್ಲಿಗೆ 18 ಬೈಟ್ ಮುಗಿಯುತ್ತದೆ, ಉಳಿದ 2 ಬೈಟ್ ಮುಂದಿನ ‘ಗ’ಕಾರದ ಮೂರರಲ್ಲಿ ಎರಡು ಪಾಲು. ಅದು ಯಾವ ಅಕ್ಷರವೂ ಅಲ್ಲ.

ಈಗ ಮುದ್ರಿಸುವ ಪ್ರೋಗ್ರಾಂ ಈ ಸಾಲನ್ನು ಓದಿ ಕ್ರ್ಯಾಶ್ ಆಗುತ್ತದೆ. ಅದು ಪೈಥಾನ್‌ನದ್ದಾದರೆ 18-19ನೇ ಸ್ಥಾನದ ಬೈಟ್‌ಗಳನ್ನು ಬಿಡಿಸಲಾಗಲಿಲ್ಲ, ಮಾಹಿತಿ ನಡುವೆಯೇ ಮುಗಿದಿದೆ ಎನ್ನುತ್ತದೆ. ತಾನಾಗಿ ತೆರೆದ ಡಿಬಗ್ಗರ್ ಆ ಸಾಲನ್ನು, ಆ ಎರಡು ಒಂಟಿ ಬೈಟ್‌ಗಳನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ. ತೋರಿಸದೆ ಇರುವುದು ಒಂದೇ, ಕತ್ತರಿಸಿದ ಕೈ. ಅದು ಬೇರೆ ಪ್ರೋಗ್ರಾಂ, ಬೇರೆ ದಿನ, ಪ್ರಾಯಶಃ ಬೇರೆ ಊರು. ಡಿಬಗ್ಗರ್‌ನ ಕರೆಪಟ್ಟಿಯಲ್ಲಿ ಅದರ ಸುಳಿವಿರಲು ಸಾಧ್ಯವೇ ಇಲ್ಲ. ಇಲ್ಲಿ ಅವಸರದಲ್ಲಿರುವವರು ಮಾಡುವುದು ಗೊತ್ತೇ ಇದೆ: ಓದುವ ಕಡೆಗೇ ಒಂದು ತೇಪೆ ಹಾಕಿ, ಬಿಡಿಸಲಾಗದ ಬೈಟ್ ಬಂದರೆ ಬಿಟ್ಟುಬಿಡು ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕ್ರ್ಯಾಶ್ ನಿಲ್ಲುತ್ತದೆ, ಇನ್ನು ಮುಂದೆ ಮುದ್ರಣದಲ್ಲಿ ಬರುವುದು ‘ಕೊಳ್ಳೇ’ ಮತ್ತು ‘ಯಳಂದೂರ’. ಕ್ರ್ಯಾಶ್ ಆದ ಜಾಗವನ್ನು ಅಷ್ಟು ಬೆಳಕಿನಲ್ಲಿ ಕಣ್ಣೆದುರಿಗಿಟ್ಟರೆ ಅಲ್ಲಿಯೇ ದುರಸ್ತಿ ಮಾಡುವ ಮನಸ್ಸಾಗುವುದು ಸಹಜ. ತಾನಾಗಿ ತೆರೆಯುವ ಡಿಬಗ್ಗರ್ ನಮ್ಮ ಗಮನವನ್ನು ಎಲ್ಲಿಗೆ ಎಳೆಯುತ್ತದೆ ಎಂಬುದನ್ನು ಅದರ ಪರವಾಗಿ ಮಾತಾಡುವವರು ಸಾಕಷ್ಟು ಯೋಚಿಸಿಲ್ಲ.

ಇದೇ ಉದಾಹರಣೆಯನ್ನು ಸ್ವಲ್ಪ ತಿರುಗಿಸಿದರೆ ಇನ್ನೂ ಆತಂಕದ ಸಂಗತಿ ಕಾಣುತ್ತದೆ. ಮೀಸಲಿಟ್ಟ ಜಾಗ 20 ಬದಲು 18 ಬೈಟ್ ಆಗಿದ್ದಿದ್ದರೆ? ಹದಿನೆಂಟು ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ಹೆಸರು ಆಗಲೂ ಕತ್ತರಿಸಿಹೋಗುತ್ತದೆ, ಆದರೆ ಅರ್ಧ ಅಕ್ಷರ ಉಳಿಯುವುದಿಲ್ಲ, ಓದುವ ಪ್ರೋಗ್ರಾಮಿಗೆ ದೂರಲು ಏನೂ ಇರುವುದಿಲ್ಲ, ಕ್ರ್ಯಾಶ್ ಆಗುವುದೇ ಇಲ್ಲ. ದೋಷ ಅದೇ, ನಷ್ಟ ಅದೇ, ಡಿಬಗ್ಗರ್‌ಗೆ ಮಾತ್ರ ಕರೆ ಹೋಗುವುದಿಲ್ಲ. ಅಂದರೆ ಕ್ರ್ಯಾಶ್ ಎಂಬುದು ದೋಷದ ಇನ್ನೊಂದು ಹೆಸರಲ್ಲ. ದೋಷ ಅಕಸ್ಮಾತ್ತಾಗಿ ಸದ್ದು ಮಾಡಿದಾಗ ಅದನ್ನು ಕ್ರ್ಯಾಶ್ ಎನ್ನುತ್ತೇವೆ. ಕ್ರ್ಯಾಶ್‌ಗೆ ಕಾದು ಕೂತ ವ್ಯವಸ್ಥೆ ಸದ್ದು ಮಾಡುವ ದೋಷಗಳಿಗೆ ಮಾತ್ರ ಎಚ್ಚರವಾಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳ ಕಾಲದಲ್ಲಿ ಟೈಪಾದ ಕಡತಗಳನ್ನು ಯೂನಿಕೋಡ್‌ಗೆ ತಂದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಪ್ರೋಗ್ರಾಮನ್ನು ಬೀಳಿಸಿದ ಕಡತಕ್ಕಿಂತ, ಬೀಳಿಸದೆ ಒತ್ತಕ್ಷರ ತಪ್ಪಿಸಿಕೊಂಡು ಸದ್ದಿಲ್ಲದೆ ದಾಟಿಹೋದ ಕಡತವೇ ಹೆಚ್ಚು ಕಾಡುವುದು.

ಇಷ್ಟು ಹೇಳಿದ್ದು ಡಿಬಗ್ಗರ್ ಏನನ್ನು ಕಾಣುತ್ತದೆ ಎಂಬ ಬಗ್ಗೆ. ಅದು ಕೂತಲ್ಲಿ ಏನು ಮಾಡುತ್ತದೆ ಎಂಬುದು ಇನ್ನೂ ಮುಖ್ಯ. ಕರ್ನಾಟಕದ ‘ಭೂಮಿ’ ಯೋಜನೆಯನ್ನು ನೆನೆಸಿಕೊಳ್ಳಿ. ಕೈಬರಹದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2002ರ ಹೊತ್ತಿಗೆ ಆಗಿನ ತಾಲ್ಲೂಕು ಕಚೇರಿಗಳಲ್ಲೆಲ್ಲ ಕೌಂಟರ್ ತೆರೆದ ಯೋಜನೆ ಅದು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಹನೂರು ಆಗಿನ್ನೂ ಬೇರೆ ತಾಲ್ಲೂಕಾಗಿರಲಿಲ್ಲ, ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನ ಹಳ್ಳಿಯವರಿಗೂ ಕೊಳ್ಳೇಗಾಲವೇ ತಾಲ್ಲೂಕು ಕಚೇರಿ. ಆ ಕೌಂಟರುಗಳ ವಿನ್ಯಾಸದಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವಿದೆ: ಸಿಬ್ಬಂದಿಯ ಎದುರಿಗೊಂದು ಪರದೆ, ರೈತರ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ಜಮೀನಿನ ವಿಷಯದಲ್ಲಿ ಏನು ನಡೆಯುತ್ತಿದೆ ಎಂದು ಕಿಟಕಿಯ ಹೊರಗೆ ನಿಂತವರೂ ನೋಡಲಿ ಎಂಬ ಗೌರವ ಅದರಲ್ಲಿತ್ತು. ಅಂಥ ಒಂದು ಪರದೆಯ ಮೇಲೆ ಡಿಬಗ್ಗರ್ ತೆರೆದುಕೊಂಡಿತು ಎಂದುಕೊಳ್ಳಿ. ಒಳಗೆ ಕೂತವರಿಗೆ ಅದನ್ನು ಓದುವ ತರಬೇತಿ ಇಲ್ಲ, ಹೊರಗೆ ನಿಂತವರಿಗೆ ಅದು ಏನೆಂದೇ ಗೊತ್ತಿಲ್ಲ. ಕ್ರ್ಯಾಶ್ ಆಗಿ ಮುಚ್ಚಿದ್ದರೆ ಮತ್ತೆ ತೆರೆದು ಎರಡು ನಿಮಿಷದಲ್ಲಿ ಕೆಲಸ ಮುಂದುವರಿಯುತ್ತಿತ್ತು. ಈಗ ಅದು ಸತ್ತಿಲ್ಲ, ಬದುಕಿಯೂ ಇಲ್ಲ. ಜನರ ಮಾತಿನಲ್ಲಿ ‘ಹ್ಯಾಂಗ್’ ಆಗಿದೆ.

ಹ್ಯಾಂಗ್ ಆದದ್ದು ಕ್ರ್ಯಾಶ್ ಆದದ್ದಕ್ಕಿಂತ ಕೆಟ್ಟದ್ದು ಏಕೆ ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಹಿಡಿದಿಟ್ಟರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಮೂರು ತಾಲ್ಲೂಕಿನ ಕೌಂಟರುಗಳು ಒಂದೇ ಡೇಟಾಬೇಸ್‌ಗೆ ಜೋಡಣೆಯಾಗಿವೆ ಎಂದಿಟ್ಟುಕೊಳ್ಳೋಣ. ಕೊಳ್ಳೇಗಾಲದ ಪ್ರೋಗ್ರಾಂ ಒಂದು ಸಾಲನ್ನು ತಿದ್ದಲೆಂದು ಬೀಗ ಹಾಕಿಕೊಂಡಿದೆ, ತಿದ್ದುವ ನಡುವೆ ಎಡವಿದೆ. ಅದು ಸತ್ತರೆ ಸಂಪರ್ಕ ಕಡಿಯುತ್ತದೆ, ಡೇಟಾಬೇಸ್ ಅದನ್ನು ಗಮನಿಸಿ ಅರ್ಧಂಬರ್ಧ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಂಡು ಬೀಗ ಬಿಚ್ಚುತ್ತದೆ. ಸಾವಿಗೆ ತಕ್ಕ ಶಿಸ್ತು ಈ ವ್ಯವಸ್ಥೆಗಳಲ್ಲಿ ಮೊದಲೇ ಇದೆ. ಡಿಬಗ್ಗರ್ ಹಿಡಿದಿಟ್ಟರೆ ಸಂಪರ್ಕ ತೆರೆದೇ ಇರುತ್ತದೆ, ಬೀಗವೂ ಹಾಗೇ ಇರುತ್ತದೆ, ಅದೇ ಸಾಲು ಬೇಕಾಗಿ ಯಳಂದೂರಿನಲ್ಲಿ ಕಾದವರು ಕಾಯುತ್ತಲೇ ಇರುತ್ತಾರೆ. ಬಿದ್ದ ಪ್ರೋಗ್ರಾಮನ್ನು ಮತ್ತೆ ಎಬ್ಬಿಸಲೆಂದೇ ಇರುವ ಮೇಲ್ವಿಚಾರಕ ಸಾಧನಗಳಿಗೂ ಅದು ಬಿದ್ದದ್ದು ಗೊತ್ತಾಗುವುದಿಲ್ಲ, ಏಕೆಂದರೆ ಅವುಗಳ ಲೆಕ್ಕದಲ್ಲಿ ಪ್ರೋಗ್ರಾಂ ಇನ್ನೂ ಇದೆ. ಒಂದು ಕೌಂಟರಿನ ತೊಂದರೆ ಮೂರು ಊರಿನದಾಗುತ್ತದೆ.

ದೋಷದ ವಿವರವನ್ನು ಅದನ್ನು ಓದಲಾರದವರ ಎದುರಿಗೆ ಸುರಿದರೆ ಏನಾಗುತ್ತದೆ ಎಂಬುದಕ್ಕೆ 1996ರ ಜೂನ್ 4ರಂದು ನಡೆದದ್ದನ್ನು ಮೀರಿದ ಪಾಠ ನನಗೆ ಗೊತ್ತಿಲ್ಲ. ಯೂರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ 40 ಸೆಕೆಂಡಿನೊಳಗೆ ಒಡೆದುಹೋಯಿತು. ದಿಕ್ಕು ತಿಳಿಸುವ ಉಪಕರಣದೊಳಗಿನ ಪ್ರೋಗ್ರಾಂ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುರುಕಲು ಹೋಗಿ ಹಿಡಿಸದೆ ಬಿತ್ತು. ಇಪ್ಪತ್ತು ಬೈಟ್‌ಗೆ ಕೊಳ್ಳೇಗಾಲ ಹಿಡಿಸದ ಹಾಗೆಯೇ ಇದು ಎನ್ನಬಹುದು. ಬದಲಿಯಾಗಿದ್ದ ಎರಡನೆಯ ಉಪಕರಣದಲ್ಲೂ ಅದೇ ಪ್ರೋಗ್ರಾಂ, ಅದೂ ಹಾಗೆಯೇ ಬಿದ್ದಿತ್ತು. ಬಿದ್ದ ಉಪಕರಣ ತಾನಾಗಿ ಮಾಡಿದ್ದು ಮೂರು ಕೆಲಸ. ತನ್ನ ಸ್ಥಿತಿಯನ್ನು ವಿದ್ಯುತ್ ಹೋದರೂ ಅಳಿಯದ ಮೆಮೊರಿಯೊಂದಕ್ಕೆ ಬರೆಯಿತು. ಪ್ರೊಸೆಸರನ್ನು ನಿಲ್ಲಿಸಿತು. ದೋಷ ಪತ್ತೆಗೆ ನೆರವಾಗುವ ಸಂಕೇತಗಳನ್ನು ಮುಖ್ಯ ಕಂಪ್ಯೂಟರಿಗೆ ಹೋಗುವ ದಾರಿಯಲ್ಲೇ ಕಳಿಸಿತು. ಮುಖ್ಯ ಕಂಪ್ಯೂಟರಿಗೆ ಅವು ದೋಷದ ಸಂಕೇತಗಳೆಂದು ತಿಳಿಯಲಿಲ್ಲ. ಹಾರಾಟದ ನಿಜವಾದ ಅಳತೆಗಳೆಂದು ನಂಬಿ ನಳಿಕೆಗಳನ್ನು ಪೂರ್ತಿ ವಾಲಿಸಿತು. ತನಿಖೆ ನಡೆಸಿದವರು ಅವಶೇಷಗಳಿಂದ ಆ ಅಳಿಯದ ಮೆಮೊರಿಯನ್ನು ಹೊರತೆಗೆದು ಓದಿದರು, ತನಿಖೆಗೆ ಅದು ಆಸರೆಯಾಯಿತು. ಉಳಿಸಿದ್ದು ಉಪಕಾರ ಮಾಡಿತು, ನಿಲ್ಲಿಸಿದ್ದು ಮತ್ತು ತಪ್ಪು ಓದುಗನಿಗೆ ತೋರಿಸಿದ್ದು ರಾಕೆಟ್ಟನ್ನು ಬಲಿ ತೆಗೆದುಕೊಂಡಿತು. ಒಂದೇ ಪೆಟ್ಟಿಗೆ, ಒಂದೇ ಕ್ಷಣ. ಆದರೂ ಮೂರೂ ಬೇರೆ ಬೇರೆ ನಿರ್ಧಾರಗಳು.

ತಪ್ಪು ಓದುಗ ಎಂದಾಗ ಅಮಾಯಕನನ್ನಷ್ಟೇ ಯೋಚಿಸಿದರೆ ಸಾಲದು. ವೆಬ್‌ಗೆ ಪೈಥಾನ್ ಬಳಸುವವರಲ್ಲಿ ಒಂದು ಅನುಕೂಲ ಪ್ರಸಿದ್ಧ: ಪುಟ ತಯಾರಿಸುವಾಗ ದೋಷ ಬಂದರೆ ಆ ಪುಟದ ಜಾಗದಲ್ಲೇ ಡಿಬಗ್ಗರ್ ಮೂಡುತ್ತದೆ, ಅಲ್ಲೇ ಕೋಡ್ ಟೈಪ್ ಮಾಡಿ ಓಡಿಸಿ ನೋಡಬಹುದು. ಬರೆಯುವ ಮೇಜಿನ ಮೇಲೆ ಇದು ವರದಾನ. ಊರಿಗೆಲ್ಲ ತೆರೆದಿಟ್ಟ ಸರ್ವರಿನಲ್ಲಿ ಇದೇ ಏರ್ಪಾಡು ಉಳಿದರೆ, ಒಂದು ದೋಷ ಎಬ್ಬಿಸಿದವರ ಕೈಗೆ ಸರ್ವರಿನ ಕೀಲಿಕೈ ಕೊಟ್ಟಂತೆ. 2015ರಲ್ಲಿ ಪೇಟ್ರಿಯಾನ್ ಎಂಬ ಅಮೆರಿಕದ ತಾಣಕ್ಕೆ ಕನ್ನ ಬಿದ್ದದ್ದು ಸಾರ್ವಜನಿಕರಿಗೆ ಕಾಣುವಂತೆ ಉಳಿದಿದ್ದ ಡಿಬಗ್ ಆವೃತ್ತಿಯ ಮೂಲಕ ಎಂದು ಆ ಸಂಸ್ಥೆಯೇ ಹೇಳಿತು. ಆದ್ದರಿಂದ ಡಿಬಗ್ಗರ್ ಬೇಡ, ಡಂಪ್ ಸಾಕು ಎಂದು ನೆಮ್ಮದಿಯಾಗಿರುವ ಹಾಗೂ ಇಲ್ಲ. ಡಂಪ್‌ನಲ್ಲಿ ಇರುವುದು ಪ್ರೋಗ್ರಾಮಿನ ಮೆಮೊರಿ, ಮೆಮೊರಿಯಲ್ಲಿ ಇರುವುದು ಜನರ ಬದುಕು: ಹೆಸರು, ಸರ್ವೆ ನಂಬರು, ಸಾಲದ ವಿವರ, ಪಾಸ್‌ವರ್ಡು. ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ, ತನ್ನ ಸಹಿಯ ಕೀ ಹ್ಯಾಕರ್‌ಗಳ ಕೈಗೆ ಹೋಗಲು 2021ರ ಒಂದು ಕ್ರ್ಯಾಶ್ ಡಂಪ್ ದಾರಿಯಾಗಿರಬಹುದು ಎಂದಿತ್ತು; 2024ರ ಮಾರ್ಚ್‌ನಲ್ಲಿ ಆ ಮಾತನ್ನು ತಿದ್ದಿ, ಕೀ ಇರುವ ಡಂಪ್ ತನಗೆ ಸಿಕ್ಕಿಲ್ಲ ಎಂದಿತು. ನಿಜ ಏನೇ ಇರಲಿ, ಡಂಪ್‌ನಲ್ಲಿ ಅಂಥದ್ದು ಇರಬಹುದು ಎಂಬುದನ್ನು ಅಷ್ಟು ದೊಡ್ಡ ಸಂಸ್ಥೆಯೇ ಸಹಜವಾಗಿ ಒಪ್ಪಿತ್ತು. 2023ರಲ್ಲಿ ನಮ್ಮಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಪೂರ್ತಿ ಮೆಮೊರಿ ಬೇಕೋ, ಕರೆಪಟ್ಟಿ ಮತ್ತು ಅದರ ಆಸುಪಾಸಿನ ಚೂರು ಸಾಕೋ ಎಂಬುದನ್ನು ಮೊದಲೇ ಯೋಚಿಸಿ ಗೆರೆ ಎಳೆಯಬೇಕು. ಚೂರನ್ನು ಮಿನಿಡಂಪ್ ಎನ್ನುತ್ತಾರೆ, ಅದರ ಗಾತ್ರವೂ ಚಿಕ್ಕದು. ಕಾಡಂಚಿನ ಹಳ್ಳಿಯ ನೆಟ್‌ವರ್ಕ್‌ನಲ್ಲೂ ಹೋಗಿ ಮುಟ್ಟಬಲ್ಲದು.

ಎದುರು ಪಕ್ಷದವರು ಹೇಳಬಹುದಾದ ಮಾತುಗಳಲ್ಲಿ ಮೂರನ್ನು ತೂಗಿ ನೋಡಲೇಬೇಕು.

1. ಡಂಪ್ ಎಂದರೆ ಫೋಟೋ, ಡಿಬಗ್ಗರ್ ಎಂದರೆ ಆಳು ಎದುರಿಗೇ ಇದ್ದಂತೆ. ಎರಡೂ ಒಂದೇ ಹೇಗಾಯಿತು ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ತೆರೆದ ಸಂಪರ್ಕದ ಆಚೆ ತುದಿಯಲ್ಲಿ ಏನಿತ್ತು, ಪ್ರಿಂಟರ್ ಯಾವ ಸ್ಥಿತಿಯಲ್ಲಿತ್ತು ಎಂಬುದು ಡಂಪ್‌ನಲ್ಲಿ ಬರುವುದಿಲ್ಲ. ಆದರೆ ಬಿದ್ದ ಮೇಲೆ ತೆರೆದ ಡಿಬಗ್ಗರ್ ಎದುರಿಗೂ ಇರುವುದು ಹೆಚ್ಚುಕಡಿಮೆ ಫೋಟೋವೇ. ಪೈಥಾನ್‌ನಲ್ಲಿ ಅದರ ಹೆಸರೇ ಪೋಸ್ಟ್‌ಮಾರ್ಟಂ. ಅಲ್ಲಿಂದ ಮುಂದಿನ ಸಾಲಿಗೆ ನಡೆಸಿಕೊಂಡು ಹೋಗಲಾಗುವುದಿಲ್ಲ. ಸಿ ಭಾಷೆಯ ಪ್ರೋಗ್ರಾಮನ್ನು ಬಲವಂತವಾಗಿ ಮುಂದೂಡಬಹುದು, ಆದರೆ ಕೆಟ್ಟ ಮೆಮೊರಿಯ ಮೇಲೆ ನಡೆದ ಆ ಮುಂದಿನ ಹೆಜ್ಜೆಗಳನ್ನು ನಂಬುವಂತಿಲ್ಲ. ಹಿಂದಕ್ಕೆ ಹೋಗುವುದೇ ಬೇಕಾದದ್ದು, ಅದಕ್ಕೆ ಓಟವನ್ನೇ ಮೊದಲಿಂದ ದಾಖಲಿಸುವ ‘ಆರ್‌ಆರ್’ನಂಥ ಬೇರೆ ಸಾಧನಗಳಿವೆ.

2. ಮತ್ತೆ ಬಾರದ ದೋಷದ ಗತಿ ಏನು ಎಂದು ಕೇಳುತ್ತಾರೆ. ನನ್ನ ವಾದಕ್ಕೆ ಬೀಳುವ ಗಟ್ಟಿ ಪೆಟ್ಟು ಇದೇ. ಆದರೆ ಅಪರೂಪದ ದೋಷ ಬಂದ ಗಳಿಗೆಯಲ್ಲಿ, ಅದನ್ನು ಓದಬಲ್ಲವರು ಅದೇ ಕೌಂಟರಿನ ಎದುರು ಕೂತಿರುವುದು ದೋಷಕ್ಕಿಂತಲೂ ಅಪರೂಪ. ಕಾಯಬಲ್ಲ ಸಾಕ್ಷ್ಯವೇ ಇಲ್ಲಿ ಬೇಕಾಗಿರುವುದು. ಫೈಲ್ ಕಾಯುತ್ತದೆ, ಸರದಿಯಲ್ಲಿ ನಿಂತವರನ್ನು ಕಾಯಿಸಬಾರದು.

3. ಮೂರನೆಯದು ಪೂರ್ತಿ ತದ್ವಿರುದ್ಧ ಪಕ್ಷದ್ದು: ಈ ತಲೆನೋವೆಲ್ಲ ಏಕೆ, ಬಿದ್ದರೆ ರಿಸ್ಟಾರ್ಟ್ ಆಗುವಂತೆ ಮಾಡಿ ಮರೆತುಬಿಡಿ. ಕೌಂಟರುಗಳಲ್ಲಿ ಈಗ ನಡೆಯುವುದು ಬಹುಪಾಲು ಇದೇ, ‘ಆಫ್ ಮಾಡಿ ಆನ್ ಮಾಡಿ’. 2018ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ತೆಲುಗಿನ ಒಂದು ಅಕ್ಷರ ಐಫೋನುಗಳನ್ನು ಕೆಡವಿತ್ತು. ‘ಜ್ಞಾ’ ಎಂಬುದನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಜೋಡಿಸಿದ ಚಿಹ್ನೆಗಳು ಸಂದೇಶದಲ್ಲಿ ಬಂದರೆ ಆ್ಯಪ್ ಬೀಳುತ್ತಿತ್ತು. ಮತ್ತೆ ತೆರೆದರೆ ಅದೇ ಸಂದೇಶವನ್ನು ತೋರಿಸಲು ಹೋಗಿ ಮತ್ತೆ ಬೀಳುತ್ತಿತ್ತು. ಆ್ಯಪಲ್ ಐಒಎಸ್ 11.2.6 ಬಿಡುಗಡೆ ಮಾಡಿ ಅದನ್ನು ಸರಿಪಡಿಸಿತು. ಕಾರಣ ಹೊರಗಿನ ಮಾಹಿತಿಯಲ್ಲೇ ಉಳಿದಿರುವಾಗ ಎಷ್ಟು ಸಲ ಎಬ್ಬಿಸಿದರೂ ಅಷ್ಟು ಸಲ ಬೀಳುತ್ತದೆ. ಒಂದು ವೇಳೆ ಎದ್ದು ನಿಂತರೂ ಏಕೆ ಬಿತ್ತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಆಗ ಕಿಟಕಿಯಿಂದ ಹೊರಗೆ ಬರುವ ಉತ್ತರ ‘ಸರ್ವರ್ ಇಲ್ಲ, ನಾಳೆ ಬನ್ನಿ’. ಸರ್ವರ್ ಇರುತ್ತದೆ. ಇಲ್ಲದಿರುವುದು ಏನಾಯಿತು ಎಂಬುದರ ದಾಖಲೆ. ಆ ದಿನದ ಕೂಲಿ ಬಿಟ್ಟು ಪೊನ್ನಾಚಿಯಿಂದಲೋ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದಲೋ ಬಂದವರು ನಾಳೆ ಮತ್ತೆ ಬಂದರೆ ಅದೇ ಹೆಸರು, ಅದೇ ಬೈಟ್, ಅದೇ ಕ್ರ್ಯಾಶ್.

ಹಾಗಾದರೆ ಕೌಂಟರಿನ ಯಂತ್ರದಲ್ಲಿ ಏನಿರಬೇಕು? ಮೊದಲನೆಯದಾಗಿ, ಬಿದ್ದದ್ದು ಸಾಯಲಿ, ಬೀಗಗಳನ್ನು ಬಿಟ್ಟು ಸಾಯಲಿ. ಸಾಯುವ ಮುಂಚೆ ಮಿನಿಡಂಪ್ ಒಂದು ಯಾರನ್ನೂ ಕೇಳದೆ ಉಳಿಯಲಿ. ವಿಂಡೋಸ್ ವಿಸ್ಟಾ ನಂತರ ಇದಕ್ಕೆ ಸಿಸ್ಟಮ್ಮಿನಲ್ಲೇ ಜಾಗವಿದೆ; ಲಿನಕ್ಸ್‌ನಲ್ಲಿ ಡಂಪನ್ನು ನಮಗೆ ಬೇಕಾದ ಪ್ರೋಗ್ರಾಮಿನ ಕೈಗೇ ಕೊಡುವಂತೆ ಕರ್ನಲ್‌ಗೆ ಹೇಳಿಡಬಹುದು, ಸೂಕ್ಷ್ಮ ಮಾಹಿತಿಯನ್ನು ಅಲ್ಲೇ ಸೋಸಬಹುದು. ಡಂಪ್‌ಗೆ ಒಂದು ಸಂಖ್ಯೆ ಇರಲಿ, ಎರಡೂ ಪರದೆಗಳ ಮೇಲೆ ಆ ಸಂಖ್ಯೆ ಮತ್ತು ಎರಡು ಸಾಲಿನ ಕನ್ನಡ ಬರಲಿ: ಕೆಲಸ ಪೂರ್ತಿಯಾಗಲಿಲ್ಲ, ನಿಮ್ಮ ದಾಖಲೆಯಲ್ಲಿ ಏನೂ ಬದಲಾಗಿಲ್ಲ, ಈ ಸಂಖ್ಯೆ ಇಟ್ಟುಕೊಳ್ಳಿ. ಒಂದೇ ಕಡೆ ಮೂರು ಸಲ ಬಿದ್ದರೆ ತಾನಾಗಿ ಎಬ್ಬಿಸುವುದನ್ನು ನಿಲ್ಲಿಸಲಿ. ನೋಡುವ ಕೆಲಸ ಡಂಪ್ ತಲುಪಿದ ಕಡೆ, ಕೋಡ್ ಗೊತ್ತಿರುವವರ ಮೇಜಿನ ಮೇಲೆ ನಡೆಯಲಿ. ಅಲ್ಲಿ ಡಿಬಗ್ಗರ್ ತಾನಾಗಿಯೇ ತೆರೆಯಲಿ, ಬೇಕಾದಷ್ಟು ಹೊತ್ತು ತೆರೆದಿರಲಿ.

ಆ ಮೇಜಿನ ಮೇಲೆ ಕೂತವರಿಗೆ ಒಂದೇ ವಾರದಲ್ಲಿ ಬಂದ ಡಂಪ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಇರುತ್ತದೆ, ಒಂದು ಡಿಬಗ್ಗರ್ ಎದುರು ಒಬ್ಬಂಟಿಯಾಗಿ ಕೂತವರಿಗೆ ಇಲ್ಲದ ಅನುಕೂಲ ಅದು. ಕೊಳ್ಳೇಗಾಲ ಬಿದ್ದಿದೆ, ಯಳಂದೂರು ಬಿದ್ದಿದೆ, ಕಾಮಗೆರೆ, ಕೌದಳ್ಳಿ, ರಾಮಾಪುರ ಬಿದ್ದಿವೆ. ಹನೂರು ಬಿದ್ದಿಲ್ಲ, ಅಗರ ಬಿದ್ದಿಲ್ಲ. ಎಣಿಸಿ ನೋಡಿದರೆ ಆರು ಚಿಹ್ನೆಯವರೆಗಿನ ಹೆಸರುಗಳೆಲ್ಲ ಸುರಕ್ಷಿತ, ಏಳು ಮತ್ತು ಮೇಲ್ಪಟ್ಟವು ಬಿದ್ದಿವೆ. ಅಲ್ಲಿಂದ 20 ಎಂಬ ಸಂಖ್ಯೆಗೆ, 20ರಿಂದ ಬರೆಯುವ ಪ್ರೋಗ್ರಾಮಿಗೆ ದಾರಿ ಸಿಗುತ್ತದೆ. ಜಾಗವನ್ನು ದೊಡ್ಡದು ಮಾಡಿ, ಬೈಟ್ ಬದಲು ಚಿಹ್ನೆ ಎಣಿಸುವಂತೆ ತಿದ್ದಿದರೆ ಹೊಸ ಹೆಸರುಗಳು ಪೂರ್ತಿ ಕೂರುತ್ತವೆ. ಈಗಾಗಲೇ ಕತ್ತರಿಸಿಹೋದವು ಹಾಗೇ ಇರುತ್ತವೆ. ಹೋದ ಬೈಟ್‌ಗಳು ಯಾವ ಡಂಪ್‌ನಲ್ಲೂ ಇಲ್ಲ. ಸರಿಯಾಗಿ 20 ಬೈಟ್ ತುಂಬಿರುವ ಸಾಲುಗಳನ್ನೆಲ್ಲ ಹುಡುಕಿ ತೆಗೆದು, ಆಯಾ ಹೋಬಳಿಯ ಹಳೆಯ ಕಡತ ನೋಡಿ, ಒಂದೊಂದೇ ಹೆಸರನ್ನು ಮತ್ತೆ ಪೂರ್ತಿಯಾಗಿ ಕೈಯಿಂದ ತುಂಬಬೇಕು.